ಕೌದಿಯ ತುತ್ತು

“ಒಯ್ಯವಾ, ಬೇಕಂದ್ರ ಒಯ್ಯಿ. ಆದ್ರ ಈ ಮೂಲಿ ಮಾತ್ರ ಬಿಚ್ಚಬ್ಯಾಡ,” ಎಂದು ಗುರುಬಾಯಿ ನಗುತ್ತ ಹೇಳಿದಳು. ಸ್ನೇಹಲಳೂ ನಕ್ಕಳು. ಇಂಥ ಮಾತು ಕೇಳಿದವರು ನಗುವುದು ಲೋಕರೂಢಿ. ಹೇಳಿದವಳೂ ಯಾಕೆ ನಗುತ್ತಿದ್ದಾಳೆ ಎಂದು ಸ್ನೇಹಲ ಒಂದು ಗಳಿಗೆ ಯೋಚಿಸಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ.

ಮೈಂದರ್ಗಿಯ ಆ ಮನೆಯ ಒಳಕೋಣೆಯಲ್ಲಿ ಹಗಲಲ್ಲೂ ಕತ್ತಲೆ. ಮರದ ಪೆಟ್ಟಿಗೆ ತೆರೆದಾಗ ಬೇವಿನೆಲೆ, ಹಳೆಯ ಹೊಗೆ ಮತ್ತು ಒಡೆದ ಹಾಲಿನಂಥ ಒಂದು ಹುಳಿವಾಸನೆ ಮೂಗಿಗೆ ಬಡಿದಿತ್ತು. ಗುರುಬಾಯಿ ಸ್ನೇಹಲಳ ಮಾವನ ಅಕ್ಕ. ಮನೆಮಂದಿಗೆಲ್ಲ ‘ಆಯಿ’. ಏಳು ತಿಂಗಳ ಬಸುರಿ ಸ್ನೇಹಲ ಅತ್ತೆ ಲೀಲಾಬಾಯಿಯ ಜೊತೆ ಅಲ್ಲಿಗೆ ಹೋದದ್ದು ಹುಟ್ಟುವ ಕೂಸಿಗೆ ಹಳೆಯ ಕುಂಚಿಗೆ ತರಲೆಂದು. ಮಕ್ಕಳು ಚೆನ್ನಾಗಿ ಬೆಳೆದ ಮನೆಯ ಹಳೇ ಬಟ್ಟೆಯೇ ಕೂಸಿನ ಮೈಗೆ ಮೊದಲು ಬೀಳಬೇಕು ಎಂಬುದು ಅವರಲ್ಲಿಯ ಪದ್ಧತಿ.

ಪುಣೆಯಲ್ಲಿ ಬೆಳೆದು, ಶಾಲೆಯಲ್ಲಿ ವಿಜ್ಞಾನ ಕಲಿಸಿ, ಮದುವೆಯಾಗಿ ಸೊಲ್ಲಾಪುರಕ್ಕೆ ಬಂದಿದ್ದ ಸ್ನೇಹಲಳಿಗೆ ಪದ್ಧತಿಗಳೆಂದರೆ ನಗೆ. ಆದರೆ ಇದಕ್ಕೆ ಅವಳು ಒಪ್ಪಿದ್ದಳು. ಹಳೆಯ ಹತ್ತಿ ಬಟ್ಟೆ ಮೆತ್ತಗಿರುತ್ತದೆ, ಕುದಿಸಿ ತೊಳೆದರೆ ಮುಗಿಯಿತು ಎಂಬುದು ಅವಳ ಲೆಕ್ಕ. ಗಂಡ ಸೋಮೇಶನದು ಚಾದರ, ಟವೆಲ್ಲುಗಳ ಅಂಗಡಿ. ಎಂಐಡಿಸಿ ಕೈಗಾರಿಕಾ ಪ್ರದೇಶದ ಮಗ್ಗದಿಂದ ಬಂದ ಹೊಸ ಚಾದರಗಳು ಮನೆಯ ಅಟ್ಟದ ತನಕ ರಾಶಿ ಬಿದ್ದಿದ್ದವು. ಆದರೂ ಅವಳ ಕಣ್ಣು ಬಿದ್ದದ್ದು ಪೆಟ್ಟಿಗೆಯ ತಳದಲ್ಲಿದ್ದ ಪುಟ್ಟ ಕೌದಿಯ ಮೇಲೆ. ಬಣ್ಣ ಮಾಸಿದ ನೂರೆಂಟು ತುಂಡುಗಳು, ಇರುವೆ ಸಾಲಿನಂಥ ಹೊಲಿಗೆ.

“ಆಯಿ, ಇದನ್ನ ನನಗ ಕೊಡ್ರಿ,” ಎಂದು ಅವಳೇ ಬಾಯಿಬಿಟ್ಟು ಕೇಳಿದ್ದಳು.

ಲೀಲಾಬಾಯಿ ಸೊಸೆಯ ತೋಳು ಚಿವುಟಿದಳು. “ಬ್ಯಾಡ. ಕುಂಚಗಿ ಸಾಕು.”

“ಯಾಕ್ರಿ ಅತ್ಯಾ?”

“ಯಾಕಂತ ನನಗೂ ಗೊತ್ತಿಲ್ಲ. ಈ ಮನಿ ಕೌದಿ ಬ್ಯಾಡಂತ ನಮ್ಮತ್ತಿ ಅಂತಿದ್ಲು.”

ಗೊತ್ತಿಲ್ಲದ ಭಯಕ್ಕೆ ಬೆಲೆ ಕೊಡುವವರ ಪೈಕಿ ಅಲ್ಲ ಸ್ನೇಹಲ. ಕೌದಿಯ ಒಂದು ಮೂಲೆಯಲ್ಲಿ ಗಟ್ಟಿಯಾದದ್ದೇನೋ ಕೈಗೆ ಹತ್ತಿತು. ಕೌದಿ ಹೊಲಿಯುವ ಹೆಂಗಸರು ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ತುಣುಕು ರೊಟ್ಟಿ ಇಡುತ್ತಾರೆ, ಕೌದಿಯ ಹೊಟ್ಟೆ ಹಸಿದಿರಬಾರದು ಎಂದು ಆಯಿ ತಿಳಿಸಿದಳು. “ಪಾಪ, ಕೌದಿಗೂ ಡಬ್ಬಿ ಕಟ್ಟಿ ಕಳಸ್ತೀರಲ್ಲ!” ಎಂದು ಸ್ನೇಹಲ ಚೇಷ್ಟೆ ಮಾಡಿದಳು. ಆಯಿ ಇನ್ನೂ ಜೋರಾಗಿ ನಕ್ಕಳು.

ಗಂಡು ಕೂಸು ಹುಟ್ಟಿತು. ಯೋಗಿರಾಜ ಎಂದು ಹೆಸರಿಟ್ಟರು. ಬಾಣಂತಿ ಕೋಣೆಯ ಕಿಟಕಿಗಳಿಗೆ ದಪ್ಪ ಚಾದರ ಬಿದ್ದವು. ಒಳಗೆ ಅಜವಾನದ ಹೊಗೆ, ಎಣ್ಣೆಯ ಜಿಡ್ಡು, ಏಪ್ರಿಲ್ಲಿನ ಕುದಿ. ಕೂಸು ಕೌದಿಯ ಮೇಲೆ ಮಲಗಿ ಉಂಡುಂಡು ಗುಂಡಗಾಗುತ್ತಿತ್ತು. ಒಂದು ಮಧ್ಯಾಹ್ನ ಕೌದಿಯ ಆ ಮೂಲೆಯಿಂದ ಒಂದು ಕರಿಹುಳ ಹೊರಬಂದು ಕೂಸಿನ ಕೆನ್ನೆಯ ಕಡೆ ಹೊರಟಿತು. ಸ್ನೇಹಲ ಅದನ್ನು ಹೊಸಕಿ, ಉಗುರು ಕತ್ತರಿಸುವ ಕತ್ತರಿ ತಂದು, ಮೂಲೆಯ ಹೊಲಿಗೆ ಬಿಚ್ಚಿದಳು. ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು.

ಒಳಗಿದ್ದದ್ದು ಕಲ್ಲಿನಂತಾದ ರೊಟ್ಟಿಯ ತುಣುಕು. ಅದರ ಸುತ್ತ ಕೂದಲು ಸುತ್ತಿತ್ತು. ನವಿರಾದ, ಹುಟ್ಟುಗೂದಲು. ಒಂದು ಕೂಸಿನದಲ್ಲ, ಹಲವು ಕೂಸುಗಳದು. ಅದನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಎಸೆದಳು. ಮರುದಿನ ಘಂಟಾಗಾಡಿ ಬಂದು ಬೀದಿಯ ಕಸದ ಜೊತೆ ಅದನ್ನೂ ಒಯ್ದಿತು. ಸುದ್ದಿ ಕೇಳಿದ ಲೀಲಾಬಾಯಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು.

ಆಮೇಲೆ ಕೂಸು ಇಳಿಯತೊಡಗಿತು.

ಹಾಲು ಕುಡಿಯುತ್ತಿತ್ತು, ಮೊದಲಿಗಿಂತ ಹೆಚ್ಚೇ ಕುಡಿಯುತ್ತಿತ್ತು. ಆದರೂ ತೊಡೆಯ ಮಡಿಕೆಗಳು ಜೋಲು ಬಿದ್ದವು, ಕೆನ್ನೆ ಒಳಗೆ ಹೋಯಿತು. ಡಾಕ್ಟರು ರಕ್ತ ನೋಡಿದರು, ಹೊಟ್ಟೆ ನೋಡಿದರು. ರಿಪೋರ್ಟೆಲ್ಲ ನಾರ್ಮಲ್. ಮತ್ತೊಬ್ಬ ಡಾಕ್ಟರಲ್ಲೂ ಅದೇ ಮಾತು. ಸೋಮೇಶ ಅಂಗಡಿ ಬಿಟ್ಟು ಆಸ್ಪತ್ರೆಯ ಬಾಕಿನ ಮೇಲೆ ತಲೆ ಹಿಡಿದು ಕೂತ. “ಎಲ್ಲಾ ಬರೋಬ್ಬರಿ ಅದ ಅಂತಾರ. ಮತ್ತ ಕೂಸು ಎಲ್ಲಿ ಹೊಂಟದ?” ಎಂದು ಹೆಂಡತಿಯನ್ನೇ ಕೇಳಿದ.

ಉತ್ತರ ಸಿಕ್ಕಿದ್ದು ಕೌದಿ ಎತ್ತಿದಾಗ. ಒಂದು ಕೈಯಲ್ಲಿ ಏಳುತ್ತಿದ್ದ ಕೌದಿಗೆ ಈಗ ಎರಡೂ ಕೈ ಬೇಕಾದವು. ವಾಷಿಂಗ್ ಮಷೀನಿಗೆ ಹಾಕಿದಳು. ಮಷೀನು ಗುರುಗುಟ್ಟಿ ನಿಂತುಬಿಟ್ಟಿತು. ಪೈಪಿನಿಂದ ಬಿದ್ದ ನೀರು ಬೆಳ್ಳಗಿತ್ತು. ಬಚ್ಚಲು ತುಂಬ ಹಾಲಿನ ವಾಸನೆ. ಅವಳದೇ ಹಾಲು.

ಕೌದಿಯನ್ನು ಅಟ್ಟಕ್ಕೆ ಎಸೆದರು. ಅಂದಿನಿಂದ ಕೂಸಿನ ಅಳು ನಿಲ್ಲಲಿಲ್ಲ. ತುಟಿ ನೀಲಿಯಾಗುವ ತನಕ ಅತ್ತಿತು. ಕೊನೆಗೆ ಲೀಲಾಬಾಯಿಯೇ ಕೌದಿ ಇಳಿಸಿ ಹಾಸಿದಳು. ಮಲಗಿಸಿದ ಕೂಡಲೇ ಕೂಸು ಸುಮ್ಮನಾಯಿತು. ಕೋಣೆಯ ಕತ್ತಲಲ್ಲಿ ಚಪ್ ಚಪ್ ಎಂಬ ಸದ್ದು ಶುರುವಾಯಿತು. ಸ್ನೇಹಲ ಬಗ್ಗಿ ಮಗನ ಬಾಯಿ ನೋಡಿದಳು. ಅದು ಮುಚ್ಚಿತ್ತು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು, ಹೊಲದೊಡತಿ ನೋಡುತ್ತ ನಿಂತಿದ್ದಳು.

ಮರುದಿನವೇ ಕೂಸನ್ನೂ ಕೌದಿಯನ್ನೂ ಕಾರಿನಲ್ಲಿ ಹಾಕಿಕೊಂಡು ಅಕ್ಕಲಕೋಟ ದಾಟಿ ಮೈಂದರ್ಗಿಗೆ ಹೋದಳು. ಗುರುಬಾಯಿ ಕಟ್ಟೆಯ ಮೇಲೆ ಕೂತಿದ್ದಳು. ಈ ಸಲ ನಗಲಿಲ್ಲ.

“ಬಿಚ್ಚಿದೆಲ್ಲ?” ಎಂದಳು.

“ಏನೈತ್ರಿ ಆಯಿ ಇದರಾಗ?”

“ನಮ್ಮತ್ತಿಗೆ ಕೂಸು ಉಳೀತಿರಲಿಲ್ಲ. ಬೋರಾಮಣಿ ಮಾಳದಾಗ ಒಬ್ಬ ಮಾಟಗಾರ ಇದ್ದ. ಮಂದಿ ಮನಿ ಕೂಸಿನ ಅರಿಬಿ ಕದ್ದು ಕೌದಿ ಹೊಲಿ ಅಂದ. ಹೊಲಿದ್ಲು. ಇಕಿ ಮಕ್ಕಳು ಉಳಿದ್ವು. ಅರಿಬಿ ಕಳಕೊಂಡ ಮನಿ ತೊಟ್ಟಲಾ ಬರಿದಾದ್ವು.” ಗುರುಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಹಸಿವಿ ಬಾಳ ಅದಕ್ಕ. ನಮ್ಮ ಕೂಸಿಗೇ ಬಾಯಿ ಹಾಕಬಾರದಂತ ತುತ್ತಿಟ್ಟು ಮೂಲಿ ಮುಚ್ಚಿದ್ರು.”

“ಸುಟ್ಟ ಬಿಡ್ತೀನಿ ಇದನ್ನ.”

“ಈ ಕರಿ ಅಂಚು ನೋಡು. ನಾನೂ ಸುಡಾಕ ಹೋಗಿದ್ದೆ. ಬೆಂಕಿ ಹತ್ತಿದ ಕೂಡ್ಲೆ ತೊಟ್ಟಲದಾಗಿನ ನನ್ನ ಮಗನ ಕಾಲಿಗೆ ಬೊಬ್ಬಿ ಎದ್ವು.”

“ಮತ್ತ ನನಗ್ಯಾಕ ಕೊಟ್ರಿ?” ಸ್ನೇಹಲಳ ದನಿ ಒಡೆಯಿತು.

“ಬಾಯಿಬಿಟ್ಟು ಕೇಳಿದವರ ಕಡೆನ ಇದು ಹೋಗೂದು. ಇಟ್ಟುಕೊಂಡಾಕಿ ಸತ್ತರ ಮನಿಯಾಗಿನ ಕೂಸಿನ ಕಡೆ ತಿರಗತೈತಿ. ನನಗ ಎಂಬತ್ತು ದಾಟ್ಯಾವು. ಅಲ್ಲಿ ನೋಡು.” ಅಂಗಳದಲ್ಲಿ ಅವಳ ಮರಿಮೊಮ್ಮಗಳು ಹರಳಾಡುತ್ತಿದ್ದಳು, ದುಂಡುದುಂಡಗೆ. “ನಿನಗ ಹೇಳಿದ್ದೆನಲ್ಲ, ಬಿಚ್ಚಬ್ಯಾಡಂತ.”

“ನಕ್ಕೊಂತ ಹೇಳಿದ್ರಿ!”

“ಅಳಕೊಂತ ಹೇಳಿದ್ರ ನೀ ಒಯ್ತಿದ್ದೇನು?”

ಸ್ನೇಹಲಳಿಗೆ ಆ ಮುದುಕಿಯ ಕುತ್ತಿಗೆ ಹಿಚುಕಬೇಕೆನಿಸಿತು. ಆದರೆ ಮಡಿಲಲ್ಲಿ ಮಗ ಹಗುರಾಗುತ್ತಿದ್ದ. ಅವಳು ಮುದುಕಿಯ ಕಾಲು ಹಿಡಿದಳು. ಕೌದಿಯ ಬಾಯಿ ತೆರೆದವಳೇ ತುತ್ತು ಕೊಟ್ಟು ಮುಚ್ಚಬೇಕು, ತುತ್ತು ಅವಳ ಮೈಯಿಂದಲೇ ಬರಬೇಕು ಎಂದಳು ಗುರುಬಾಯಿ.

ಅದೇ ಒಳಕೋಣೆ. ಬಾಗಿಲು ಹಾಕಿದರು. ಜೋಳದ ರೊಟ್ಟಿಯ ತುಣುಕಿಗೆ ಸ್ನೇಹಲ ತನ್ನ ಹಾಲು ಹಿಂಡಿದಳು. ಮಗನ ತಲೆಯಿಂದ ಒಂದು ಎಳೆ ಕೂದಲು ಕತ್ತರಿಸಿ ಸುತ್ತಿದಳು. ಸೂಜಿ ಹಿಡಿದಳು. ಮೂಲೆಯೊಳಗೆ ಬೆರಳು ಇಟ್ಟಳು. ಒಳಗೆ ಬೆಚ್ಚಗಿತ್ತು. ಒದ್ದೆಯಾಗಿತ್ತು. ಏನೋ ಬೆರಳನ್ನು ಚೀಪಿತು. ಹಲ್ಲಿಲ್ಲದ ಬಾಯಿ. ಅವಳು ಕಿರುಚಲಿಲ್ಲ. ಕಿರುಚಿದರೆ ಕೈ ನಡುಗುತ್ತದೆ. ಹೊಲಿದಳು. ಪಕ್ಕದಲ್ಲಿ ಯೋಗಿಯ ಉಸಿರು ನಿಂತು ನಿಂತು ಬರುತ್ತಿತ್ತು. ಹೊಲಿದಳು. ಸೂಜಿ ಚುಚ್ಚಿತು. ರಕ್ತ ಬಂತು. ಬಂದದ್ದನ್ನು ಕೌದಿ ಕುಡಿಯಿತು. ಗಂಟು ಹಾಕಿದಳು. ಹಲ್ಲಿನಿಂದ ದಾರ ಕಡಿದಳು. ಕೂಸು ಅತ್ತಿತು. ಅದು ಹಸಿದ ಕೂಸಿನ ಸಾದಾ ಅಳು.

ಎದೆಗೆ ಹಾಕಿಕೊಂಡಳು. ಹಾಲಿರಲಿಲ್ಲ.

ಆಮೇಲೂ ಅವನಿಗೆ ಹಾಲು ಬರಲಿಲ್ಲ. ಯೋಗಿ ಡಬ್ಬಿಯ ಹಾಲು ಕುಡಿದು ಚೇತರಿಸಿಕೊಂಡ, ಮೈ ತುಂಬಿಕೊಂಡ. ಆದರೆ ಪ್ರತಿ ಮಧ್ಯಾಹ್ನ ಕೌದಿಯ ಮೂಲೆ ಕುತುಕುತು ಮಿಡಿಯುತ್ತಿತ್ತು, ಸ್ನೇಹಲಳ ರವಿಕೆ ತೊಯ್ಯುತ್ತಿತ್ತು. ಅವಳು ಬಾಗಿಲು ಹಾಕಿಕೊಂಡು ಕೌದಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂಡಬೇಕು. ಹೊರಗೆ ಲೀಲಾಬಾಯಿಯ ಕೈಯಲ್ಲಿ ಬಾಟಲಿ ಚೀಪುತ್ತ ಮಗ ಅವ್ವನಿಗಾಗಿ ಅಳಬೇಕು. ಒಂದು ದಿನ ತಪ್ಪಿಸಿ ನೋಡಿದ್ದಳು. ಸಂಜೆಗೆ ಯೋಗಿಯ ಕಣ್ಣು ಗುಳಿ ಬಿದ್ದಿದ್ದವು. ಮತ್ತೆ ತಪ್ಪಿಸಲಿಲ್ಲ. ಅವಳ ಕೈಬಳೆಗಳು ಸಡಿಲಾಗಿ ಮೊಣಕೈ ತನಕ ಜಾರತೊಡಗಿದವು. ತಾನು ಸತ್ತರೆ ಅದು ಯಾರ ಕಡೆ ತಿರುಗುತ್ತದೆ ಎಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆ ಭಯದಲ್ಲೇ ಊಟ ಸೇರದೆ ಇನ್ನಷ್ಟು ಸೊರಗಿದಳು.

ದೀಪಾವಳಿಗೆ ನಾದಿನಿ ಶೀತಲ ಪುಣೆಯಿಂದ ಬಂದಳು, ತುಂಬು ಬಸುರಿ. ಅಣ್ಣನ ಮಗನ ಹಳೇ ಅಂಗಿ, ತೊಟ್ಟಿಲು, ಗಿಲಕಿ ಎಲ್ಲ ತನಗೇ ಬೇಕೆಂದು ಕೋಣೆಯ ತುಂಬ ಹರವಿಕೊಂಡು ಕೂತಳು. ಕಪಾಟಿನ ಕೆಳಗೆ ಕೈ ಹಾಕಿದಳು.

“ಅಯ್ಯ ವೈನಿ, ಎಷ್ಟ ಮಸ್ತ ಐತ್ರಿ ಈ ಕೌದಿ! ಇದನ್ನ ನನಗ ಕೊಡ್ರಿ.”

ಬಾಗಿಲಲ್ಲಿ ಯೋಗಿಯನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ ಲೀಲಾಬಾಯಿ ಬಾಯಿ ತೆರೆದಳು. ಒಂದು ಕಡೆ ಮಗಳು, ಇನ್ನೊಂದು ಕಡೆ ಮೊಮ್ಮಗ. ತೆರೆದ ಬಾಯಿಗೆ ಸೆರಗು ಒತ್ತಿಕೊಂಡಳು.

ಸ್ನೇಹಲ ನಾದಿನಿಯ ಹೊಟ್ಟೆ ನೋಡಿದಳು. ಮಗನ ಕಡೆ ನೋಡಿದಳು. ಎಚ್ಚರಿಕೆಯ ಮಾತು ಹೇಳದೆ ಇರುವಷ್ಟು ಕೆಟ್ಟವಳಲ್ಲ ಅವಳು. ಅಳುತ್ತ ಹೇಳುವಷ್ಟು ಧೈರ್ಯವೂ ಇರಲಿಲ್ಲ.

“ಒಯ್ಯಿ ಶೀತಲ,” ಎಂದಳು. “ಆದ್ರ ಈ ಮೂಲಿ ಮಾತ್ರ ಬಿಚ್ಚಬ್ಯಾಡ, ಹಾಂ? ಕೌದಿಗೆ ಹಸಿವಿ ಆಗತದಂತ!”

ಹೇಳಿ ನಕ್ಕಳು.

ಶೀತಲಳೂ ಬಿದ್ದು ಬಿದ್ದು ನಕ್ಕಳು. “ನೀವು ಸಾಯನ್ಸ್ ಟೀಚರ್ ಅಲ್ರೀ ವೈನಿ?” ಎಂದಳು. ಕೌದಿಯನ್ನು ಒಂದೇ ಕೈಯಲ್ಲಿ ಎತ್ತಿ ಹೆಗಲಿಗೆ ಹಾಕಿಕೊಂಡಳು. ಆಗಲೇ ಅವಳ ಬೆರಳು ಆ ಮೂಲೆಯ ಗಂಟನ್ನು ಒತ್ತಿ ಒತ್ತಿ ನೋಡುತ್ತಿದ್ದವು.

ಅವಳ ಕಾರು ಹೋದ ಸಂಜೆ ಯೋಗಿ ತಾಯಿಯ ಎದೆಗೆ ಬಾಯಿ ಹಾಕಿದ. ಹಾಲು ಬಂತು. ಅವನು ಗಟಗಟ ಕುಡಿದ, ತಾಯಿಯ ಬೆರಳು ಹಿಡಿದುಕೊಂಡೇ ನಿದ್ದೆ ಹೋದ. ಸ್ನೇಹಲ ಅಳುತ್ತ ಕೂತಳು. ಪಕ್ಕದಲ್ಲೇ ಫೋನು ಇತ್ತು. ಶೀತಲ ಇನ್ನೂ ಪುಣೆ ಮುಟ್ಟಿರಲಿಲ್ಲ, ಒಂದು ಮಾತು ಹೇಳಲು ಬೇಕಾದಷ್ಟು ಹೊತ್ತಿತ್ತು. ಅವಳು ಫೋನು ಎತ್ತಲಿಲ್ಲ.