ಹೆಸರು ಹೊರಗೆ ಹೋಗಬಾರದು

“ನಿಂತು ಮಾತಾಡಂಗಿಲ್ಲ ನಾ!”

ಗುರುಬಾಯಿ ಟೀಚರ್ ಹಾಗೆಂದದ್ದು ಶಾಲೆಯ ಅಧ್ಯಕ್ಷರ ಮುಖಕ್ಕೇ.

ಕುರ್ಲಾದ ಆ ಕನ್ನಡ ಶಾಲೆಯಲ್ಲಿ ಅದೊಂದು ಪದ್ಧತಿ. ಆಡಳಿತ ಮಂಡಳಿಯ ಕೋಣೆಗೆ ಶಿಕ್ಷಕರು ಬಂದರೆ ನಿಂತೇ ಇರಬೇಕು. ಯಾರು ಮಾಡಿದ ನಿಯಮ? ಯಾರಿಗೂ ಗೊತ್ತಿಲ್ಲ. ತಲೆ ನರೆತ ಮಾಸ್ತರರು ಕೂಡ ಅಲ್ಲಿ ಕೈಕಟ್ಟಿ ನಿಂತೇ ಬಂದವರು.

ಅದು ೧೯೭೩ರ ಮಳೆಗಾಲ. ಶಿಕ್ಷಕರಿಗೂ ಆಡಳಿತದವರಿಗೂ ಮಾತೇ ಇಲ್ಲ, ಎಲ್ಲವೂ ನೋಟೀಸಿನಲ್ಲೇ ನಡೆಯುತ್ತದೆ ಎಂಬ ದೂರು ಹೆಚ್ಚಾಗಿ, ಕೊನೆಗೊಂದು ಸಲಹಾ ಸಮಿತಿ ಹುಟ್ಟಿತ್ತು. ತಿಂಗಳಿಗೊಮ್ಮೆ ಶನಿವಾರ ಎರಡೂ ಕಡೆಯವರು ಸೇರಿ ಮಾತಾಡಬೇಕು. ಆಡಳಿತದ ಪರವಾಗಿ ಅಧ್ಯಕ್ಷ ವೆಂಕಟಸುಬ್ಬಯ್ಯನವರು ಮತ್ತು ಹೊಸದಾಗಿ ಬಂದ ಆಡಳಿತಾಧಿಕಾರಿ ಸೀತಾರಾಮ. ಶಿಕ್ಷಕರ ಪರವಾಗಿ ಗುರುಬಾಯಿ. ಅವಳನ್ನು ಆರಿಸಿದ್ದೇ ಅವಳ ಬಾಯಿ ನೋಡಿ!

“ಇದು ಮೊದಲಿಂದ ನಡೆದು ಬಂದ ರೂಢಿ ಕಣಮ್ಮ,” ಎಂದರು ವೆಂಕಟಸುಬ್ಬಯ್ಯ.

“ಹಂಗಾರ ರೂಢಿ ಕೂಡನ ಮಾತಾಡ್ರಿ. ನಾ ಹೊಂಟೆ.”

ಆಗ ಸೀತಾರಾಮ ಎದ್ದ. ಮೈಸೂರಿನ ಕಡೆಯ ಮನುಷ್ಯ, ಎತ್ತರ, ದಪ್ಪ ಕನ್ನಡಕ, ಮೆತ್ತಗಿನ ಮಾತು. ತನ್ನ ಕುರ್ಚಿಯನ್ನೇ ಎತ್ತಿ ತಂದು ಅವಳ ಮುಂದೆ ಇಟ್ಟ.

“ಕೂತ್ಕೊಳ್ಳಿ ಟೀಚರ್. ಬೈಯೋದಿದ್ರೆ ಕೂತು ಬೈದರೆ ಒಳ್ಳೇದು, ಆಯಾಸ ಆಗಲ್ಲ.”

ಅಣಕಿಸುತ್ತಿದ್ದಾನಾ? ಗುರುಬಾಯಿ ಅವನ ಮುಖವನ್ನೇ ದಿಟ್ಟಿಸಿದಳು. ಇಲ್ಲ... ಆ ಕಣ್ಣಲ್ಲಿ ಅಣಕ ಇರಲಿಲ್ಲ.

ಸಭೆ ಮುಗಿಯುವವರೆಗೂ ಆತ ನಿಂತೇ ಇದ್ದ! ಕುಡಿಯುವ ನೀರಿನ ನಲ್ಲಿ, ಒಡೆದ ಕರಿಹಲಗೆ, ಒಂದೇ ತರಗತಿಗೆ ತುರುಕಿದ ಮಕ್ಕಳು... ಅವಳು ಒಂದೊಂದೇ ಹೇಳಿದಳು. ಆತ ಒಂದೊಂದನ್ನೇ ಕೇಳಿಸಿಕೊಂಡ.

“ಈ ಒಡೆದ ಕರಿಹಲಗೆ ಬಗ್ಗೆ ಹೇಳಿದ ಮಾಸ್ತರು ಯಾರು?” ಎಂದು ವೆಂಕಟಸುಬ್ಬಯ್ಯ ಹುಬ್ಬು ಗಂಟಿಕ್ಕಿದರು.

ಅವಳು ಬಾಯಿ ತೆರೆಯುವ ಮೊದಲೇ ಸೀತಾರಾಮ ಹೇಳಿದ.

“ಸಾರ್, ಅದು ಬೇಡ. ಮಾತು ಒಳಗೆ ಬರಲಿ, ಮಾತು ಹೊರಗೂ ಹೋಗಲಿ. ಆದರೆ ಹೆಸರು ಹೋಗಬಾರದು. ಇಲ್ಲದಿದ್ರೆ ನಾಳೆಯಿಂದ ಯಾರೂ ಬಾಯಿ ಬಿಡಲ್ಲ.”

ಅದೇ ಸಮಿತಿಯ ನಿಯಮವಾಯಿತು.

ಮುಂದಿನ ತಿಂಗಳ ಸಭೆಗೆ ಗುರುಬಾಯಿ ಹೊಸ ಇಳಕಲ್ ಸೀರೆ ಉಟ್ಟುಕೊಂಡು ಬಂದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಬೈಸಿಕೊಳ್ಳುತ್ತಿದ್ದರು!

*

ಸಭೆ ಮುಗಿದ ಮೇಲೆ ಇಬ್ಬರೂ ಸ್ಟೇಷನ್ನಿಗೆ ನಡೆದು ಹೋಗುವುದು ಅಭ್ಯಾಸವಾಯಿತು. ಅವಳು ವಿಕ್ರೋಲಿಯಲ್ಲಿ ಅಣ್ಣ ಈರಣ್ಣನ ಮನೆಯಲ್ಲಿದ್ದಳು. ಆತ ದಾದರಿನಲ್ಲಿ ಒಂದು ರೂಮು ಹಿಡಿದಿದ್ದ. ಇವಳ ಲೋಕಲ್ ಆ ಕಡೆ, ಅವನ ಲೋಕಲ್ ಈ ಕಡೆ. ಆದರೂ ಅವಳ ಗಾಡಿ ಬರುವವರೆಗೂ ಆತ ತನ್ನ ಗಾಡಿಗಳನ್ನು ಬಿಡುತ್ತಲೇ ಇರುತ್ತಿದ್ದ.

“ನಿಮ್ಮ ಗಾಡಿ ಹೋತಲ್ರೀ!”

“ಗರ್ದಿ ಇತ್ತು.”

“ಖಾಲಿ ಇತ್ತು. ನನಗೇನು ಕಣ್ಣಿಲ್ಲೇನು?”

ಆತ ಕನ್ನಡಕ ತೆಗೆದು ಒರೆಸಿಕೊಂಡ. ಅವಳಿಗೆ ನಗು ಬಂತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ವಯಸ್ಸು ಮೂವತ್ತರ ಹತ್ತಿರ. ಅಪ್ಪ ತೀರಿಹೋದ ಮೇಲೆ ತಮ್ಮಂದಿರ ಓದು, ಸಂಸಾರ ಅಂತ ಅವಳ ಮದುವೆ ಮಾತನ್ನು ಎಲ್ಲರೂ ಮರೆತೇಬಿಟ್ಟಿದ್ದರು. ಅವಳೂ ಮರೆತಿದ್ದಳು. ಈಗ ಇದೇನಿದು... ಶನಿವಾರ ಎಂದರೆ ಎದೆಯಲ್ಲಿ ಹೀಗೇಕೆ ಡೊಳ್ಳು ಬಡಿಯುತ್ತದೆ?

ಫೆಬ್ರವರಿಯಲ್ಲಿ ವಿನೋದಿನಿ ಟೀಚರ್ ಅವಳ ಕೈ ಹಿಡಿದುಕೊಂಡು ಅತ್ತಳು.

“ಅಕ್ಕಾ, ನಾ ಬಸುರಿ. ಯಾರಿಗೂ ಹೇಳಬ್ಯಾಡ. ನಮ್ಮತ್ತಿಗಿ ಸುದ್ದಾ ನೌಕರಿ ಹೋಗೂ ವಿಷಯ ಹೇಳಿಲ್ಲ.”

ಸಂತೋಷದ ಸುದ್ದಿಗೆ ಅಳುವುದೇಕೆ? ಅದಕ್ಕೂ ಕಾರಣವಿತ್ತು. ಕಾಯಂ ಆಗದ ಶಿಕ್ಷಕರನ್ನು ಮಂಡಳಿ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿ, ಜೂನ್‌ನಲ್ಲಿ ಮತ್ತೆ ತೆಗೆದುಕೊಳ್ಳುತ್ತಿತ್ತು. ಬಸುರಿಯಾದವಳನ್ನು ಮಾತ್ರ ಮತ್ತೆ ಕರೆಯುತ್ತಿರಲಿಲ್ಲ! ಈ ಜೂನ್‌ಗೆ ವಿನೋದಿನಿ ಕಾಯಂ ಆಗಬೇಕಿತ್ತು. ಗಂಡನಿಗೆ ಗಿರಣಿಯಲ್ಲಿ ಬದಲಿ ಕೆಲಸ, ಕರೆದ ದಿನವಷ್ಟೇ ಕೂಲಿ. ಮನೆ ನಡೆಯುತ್ತಿದ್ದುದು ಅವಳ ಸಂಬಳದ ಮೇಲೆ.

ಗುರುಬಾಯಿ ಒಬ್ಬರಿಗೆ ಮಾತ್ರ ಹೇಳಿದಳು. ಕುರ್ಲಾ ಸ್ಟೇಷನ್ನಿನಲ್ಲಿ, ಸೀತಾರಾಮನಿಗೆ.

“ಆಕಿ ನೌಕರಿ ಉಳೀಬೇಕ್ರಿ. ಏನರ ಮಾಡ್ರಿ.”

“ನಿಯಮಾನೇ ತಪ್ಪು ಅಂತ ಸಮಿತೀಲಿ ಎತ್ತೋಣ, ಯಾರ ಹೆಸರೂ ಇಲ್ಲದೆ,” ಎಂದ ಆತ. “ನನ್ನ ಮೇಲೆ ನಂಬಿಕೆ ಇಡಿ.”

“ಇಲ್ಲಂದ್ರ ಹೇಳ್ತಿದ್ನೇನ್ರಿ?” ಎಂದಳು ಗುರುಬಾಯಿ. ಅವಳ ಮಟ್ಟಿಗೆ ಅದು ಪ್ರೇಮ ನಿವೇದನೆಯೇ ಆಗಿತ್ತು.

ಮುಂದಿನ ಸಭೆ ಬರುವ ಮೊದಲೇ ವಿನೋದಿನಿಯ ಕೈಗೆ ಆದೇಶ ಬಂತು. ಏಪ್ರಿಲ್‌ನಿಂದ ಬಿಡುಗಡೆ. ಮರುನೇಮಕವಿಲ್ಲ!

*

ಶಿಕ್ಷಕರ ಕೋಣೆಯಲ್ಲಿ ಒಬ್ಬೊಬ್ಬರೂ ಗುರುಬಾಯಿಯನ್ನೇ ನೋಡಿದರು. ಆಡಳಿತದವರ ಜೊತೆ ಕೂತು ಮಾತಾಡಿ ಬರುವವಳು ಅವಳೊಬ್ಬಳೇ. ವಿನೋದಿನಿ ಮೆಲ್ಲಗೆ ಕೇಳಿದಳು.

“ಅಕ್ಕಾ... ನೀ ಯಾರಿಗೂ ಹೇಳಿಲ್ಲಲಾ?”

ಆ ಒಂದು ಪ್ರಶ್ನೆ ಎದೆಗೆ ಚೂರಿ ಹಾಕಿದ ಹಾಗಾಯಿತು. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. ನಿಜ ಹೇಳಲು ಮುಖವಿರಲಿಲ್ಲ.

ನೇರ ಸೀತಾರಾಮನ ಕೋಣೆಗೆ ನುಗ್ಗಿದಳು.

“ಮೆತ್ತಗ ಮಾತಾಡೋರನ್ನ ನಂಬಬಾರದು ಅಂತ ನಮ್ಮವ್ವ ಹೇಳ್ತಿದ್ಲು. ಖರೇ ಮಾಡಿ ತೋರಿಸಿದ್ರಿ!”

“ಟೀಚರ್, ನಾನು ಹೇಳಲಿಲ್ಲ.”

“ಮತ್ತ ಯಾರು ಹೇಳಿದ್ರು? ನನಗ ಗೊತ್ತಿತ್ತು, ನಿಮಗ ಗೊತ್ತಿತ್ತು. ಗ್ವಾಡಿ ಹೇಳಿತೇನು?”

ಆತ ತಲೆ ತಗ್ಗಿಸಿದ. “ಯಾರು ಅಂತ ನನಗೆ ಗೊತ್ತು. ಆದರೆ ಆ ಹೆಸರು ಹೇಳೋಕಾಗಲ್ಲ.”

“ಯಾಕಾಗಂಗಿಲ್ಲ?”

“ಹೇಳಿದರೆ ಇನ್ನೊಂದು ಮನೆ ಮುರಿಯುತ್ತೆ.”

“ಕಥಿ ಹೇಳಬ್ಯಾಡ್ರಿ! ಇನ್ನ ಮ್ಯಾಲೆ ಸ್ಟೇಷನ್ನಿಗಿ ನಾ ಒಬ್ಬಾಕಿನೇ ಹೋಗ್ತೀನಿ.”

ಹೊರಗೆ ಬಂದವಳಿಗೆ ಕಣ್ಣು ಕಾಣಲಿಲ್ಲ. ಬಾಯಿ ಬೈಯುತ್ತಿತ್ತು, ಮನಸ್ಸು ಮಾತ್ರ ಅಂಗಲಾಚುತ್ತಿತ್ತು... ಒಂದು ಹೆಸರು ಹೇಳಬಾರದಿತ್ತೇ? ಸುಳ್ಳಾದರೂ ಹೇಳಬಾರದಿತ್ತೇ? ನಾನು ನಂಬಿಬಿಡುತ್ತಿದ್ದೆನಲ್ಲ!

ಮರುದಿನದಿಂದ ಸೀತಾರಾಮನ ಕೋಣೆಗೆ ಬೀಗ. ಶಾಲೆ ಬಿಟ್ಟು ಅಂಧೇರಿಯ ಯಾವುದೋ ಕಂಪನಿಗೆ ಸೇರುತ್ತಾನೆ ಎಂದು ಸುದ್ದಿ. ತಪ್ಪು ಮಾಡಿದವ ಓಡಿಹೋದ ಎಂದರು ಮಾಸ್ತರರು. ಅವಳೂ ಹೌದೆಂದಳು. ಮನೆಗೆ ಬಂದು ಅತ್ತಳು.

*

ಭಾನುವಾರ ಬೆಳಿಗ್ಗೆ ವಿನೋದಿನಿಯ ಕುಬಸ. ಕುರ್ಲಾದ ಚಾಳಿನಲ್ಲಿ ಅವಳ ಮನೆಯ ಮುಂದಿನ ಉದ್ದ ಗ್ಯಾಲರಿಯ ತುಂಬ ಹೆಂಗಸರು, ಹಸಿರು ಬಳೆಗಳ ಸದ್ದು. ಬಸುರಿಗೆ ಹಸಿರು ಕುಪ್ಪಸ ತೊಡಿಸಿ ಉಡಿ ತುಂಬುವುದನ್ನು ನೌಕರಿ ಹೋದರೂ ಬಿಡಲಾಗುತ್ತದೆಯೇ?

ಅತ್ತೆ ಮಲ್ಲಕ್ಕನ ಸಂಭ್ರಮಕ್ಕೆ ಮಿತಿಯಿರಲಿಲ್ಲ. ಸೊಸೆಯ ಸೋತ ಮುಖ ಬಸುರಿನ ಸಂಕಟವೆಂದೇ ಆಕೆ ತಿಳಿದಿದ್ದಳು.

ಗುರುಬಾಯಿ ಮೂಲೆಯಲ್ಲಿ ಕೂತಿದ್ದಾಗ, ರೇಷ್ಮೆ ಸೀರೆ ಉಟ್ಟ ಹೆಂಗಸೊಬ್ಬರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು. ಅಲಮೇಲು! ಅಧ್ಯಕ್ಷ ವೆಂಕಟಸುಬ್ಬಯ್ಯನವರ ಹೆಂಡತಿ!

ಗುರುಬಾಯಿ ಎದ್ದು ನಿಂತಳು. ಇವರು ಇಲ್ಲಿಗೆ ಹೇಗೆ ಬಂದರು?

“ಬರ್ರೀ ಬರ್ರೀ, ನಮ್ಮ ಭಾಗ್ಯ!” ಎಂದು ಓಡಿದಳು ಮಲ್ಲಕ್ಕ. ಆಮೇಲೆ ಗುರುಬಾಯಿಯ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದಳು. “ನೋಡ್ರಿ ಬಾಯಾರ, ಎಲ್ಲರಕಿಂತ ಮದಲು ಇವರ ಮನಿಗೇ ಹೋಗಿ ಕುಂಕುಮ ಕೊಟ್ಟು ಕರದು ಬಂದೆ. ಸೊಸಿಗಿ ಅನ್ನ ಕೊಡೋ ಮನಿ. ಅವರನ್ನ ಬಿಟ್ಟು ಕುಬಸ ಮಾಡಿದ್ರ ದೇವರು ಮೆಚ್ಚತಾನೇನ್ರಿ? ನಿಮ್ಮ ಕನ್ನಡಕದ ಸರ್ರೂ ಅಲ್ಲೇ ಕುಂತಿದ್ರು. ಪಾಪ, ನನ್ನ ಮಾತು ಕೇಳಿ ಕೈಯಾಗಿನ ಚಾ ಮೈಮ್ಯಾಲೆ ಚೆಲ್ಲಿಕೊಂಡ್ರು!”

ಮೂವರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಚ್ಚಿಟ್ಟ ಗುಟ್ಟನ್ನು, ಈ ಪುಣ್ಯಾತ್ಗಿತ್ತಿ ಕುಂಕುಮದ ಭರಣಿ ಹಿಡಿದು ಅಧ್ಯಕ್ಷರ ಮನೆಗೇ ಮುಟ್ಟಿಸಿ ಬಂದಿದ್ದಳು!

ಗುರುಬಾಯಿ ಗೋಡೆಗೆ ಒರಗಿದಳು. ‘ಹೇಳಿದರೆ ಇನ್ನೊಂದು ಮನೆ ಮುರಿಯುತ್ತೆ...’ ಸೊಸೆಯ ನೌಕರಿ ಅತ್ತೆಯ ಬಾಯಿಂದಲೇ ಹೋಯಿತು ಎಂದು ತಿಳಿದಿದ್ದರೆ ಈ ಮನೆಯಲ್ಲಿ ಇಂದು ಹಸಿರು ಬಳೆ ಎಲ್ಲಿರುತ್ತಿತ್ತು? ಆತ ಅವಳ ಬೈಗಳನ್ನೆಲ್ಲ ನುಂಗಿದ. ಹೆಸರನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಅಲಮೇಲು ವಿನೋದಿನಿಯ ಉಡಿಗೆ ಅಕ್ಕಿ, ಕೊಬ್ಬರಿ ಹಾಕಿದರು. ಗಲ್ಲ ಹಿಡಿದು “ಹೆರಿಗೆ ಆದಮೇಲೂ ಪಾಠ ಬಿಡಬೇಡ ಕಣೇ,” ಎಂದದ್ದೇ ತಡ, ವಿನೋದಿನಿ ಬಿಕ್ಕಿದಳು.

ಗುರುಬಾಯಿ ಅವರನ್ನು ಗ್ಯಾಲರಿಯ ತುದಿಗೆ ಕರೆದೊಯ್ದು ಎಲ್ಲವನ್ನೂ ಹೇಳಿದಳು.

ಅಲಮೇಲುವಿನ ಮುಖ ಕೆಂಪಾಯಿತು. “ಅಯ್ಯೋ ರಾಮ! ಖುಷಿ ಸುದ್ದಿ ಅಂತ ಇವರ ಮುಂದೇನೇ ಕೇಳಿಸ್ಕೊಂಡೆನಲ್ಲ... ಸೀತಾರಾಮ ಅವತ್ತು ‘ನಾನು ಸಹಿ ಹಾಕಲ್ಲ, ಬೇಕಾದ್ರೆ ರಾಜೀನಾಮೆ ತಗೊಳ್ಳಿ’ ಅಂತ ಕೂಗಾಡಿದ್ರು. ಅಷ್ಟು ಮೆತ್ತಗಿನ ಮನುಷ್ಯ! ಏತಕ್ಕೆ ಅಂತ ಇವರು ನನಗೆ ಹೇಳಲೇ ಇಲ್ಲ. ನಾನು ಮಡಿಲು ತುಂಬಿದ ಹುಡುಗಿ ಅನ್ನ ನಮ್ಮ ಯಜಮಾನರು ಕಿತ್ಕೊಳ್ಳೋದಾ? ನೀವು ಸುಮ್ನಿರಿ. ಆ ಸಮಿತಿ ತಿಂಗಳಿಗೊಂದ್ಸಲ ಸೇರತ್ತೆ, ನಮ್ಮನೆ ಸಮಿತಿ ದಿನಾ ಸೇರತ್ತೆ!”

ವಾರ ತುಂಬುವುದರೊಳಗೆ ಆದೇಶ ವಾಪಸಾಯಿತು. ಬಸುರಿಯರನ್ನು ಬಿಡಿಸುವ ಪದ್ಧತಿಯೂ ಹೋಯಿತು. ಸಭೆಯಲ್ಲಿ ವೆಂಕಟಸುಬ್ಬಯ್ಯ ತಾವೇ ಬಾಯಿಬಿಟ್ಟು, “ಆ ಸೀತಾರಾಮನ್ನ ಯಾರಾದ್ರೂ ಕರ್ಕೊಂಡು ಬನ್ನಿ. ನಾನು ಕರೆದರೆ ಬರಲ್ಲ,” ಎಂದರು.

ಯಾರು ಹೋಗಬೇಕೆಂದು ಯಾರೂ ಕೇಳಲಿಲ್ಲ.

*

ದಾದರಿನಲ್ಲಿ ಸೀತಾರಾಮ ಊಟ ಮಾಡುತ್ತಿದ್ದ ಮೆಸ್ಸಿಗೆ ಅದುವರೆಗೆ ಹೆಂಗಸು ಕಾಲಿಟ್ಟಿರಲಿಲ್ಲ. ಭಾನುವಾರದ ಮಧ್ಯಾಹ್ನ. ಪಂಕ್ತಿಯಲ್ಲಿ ಕೂತ ಗಂಡಸರ ಕೈಗಳೆಲ್ಲ ತುತ್ತಿನ ಜೊತೆಗೆ ಗಾಳಿಯಲ್ಲೇ ನಿಂತವು. ಬಾಗಿಲಲ್ಲಿ ಗುರುಬಾಯಿ!

“ಸೀತಾರಾಮ ಸರ್ ಎಲ್ಲಿದಾರ? ಹೊರಗ ಬರ್ರಿ.”

ಆತ ಸಾರನ್ನದ ಕೈಯಲ್ಲೇ ಎದ್ದು ಬಂದ. ಗಡ್ಡ ಬೆಳೆದಿತ್ತು. ಕಣ್ಣು ಒಳಗೆ ಹೋಗಿದ್ದವು. ಕೈ ತೊಳೆಯುವ ನಲ್ಲಿಯ ಹತ್ತಿರ ಇಬ್ಬರೂ ಎದುರುಬದುರು ನಿಂತರು.

“ನನಗೆಲ್ಲಾ ಗೊತ್ತಾತು,” ಎಂದಳು. “ಆದ್ರ ವಿನೋದಿನಿಗಿ ಹೇಳಿಲ್ಲ, ಮುಂದ ಹೇಳಂಗೂ ಇಲ್ಲ. ‘ಸೀತಾರಾಮ ಸರ್ ಅಲ್ಲ, ನಾ ಆಣಿ ಮಾಡ್ತೀನಿ’ ಅಂತ ಅಷ್ಟ ಹೇಳೀನಿ.”

“ಅಷ್ಟು ಸಾಕು.”

“ಏನು ಸಾಕ್ರಿ? ನಾ ಏನೇನು ಅಂದೆ ನಿಮಗ! ಒಂದು ಮಾತರ ತಿರುಗಿ ಬೈಬಾರದಾ? ಸುಮ್ಮ ನಿಂತು ಕೇಳಿದ್ರಿ, ಕಲ್ಲಿನಂಗ!” ಅವಳ ದನಿ ಒಡೆಯಿತು. “ನನ್ನ ಬಾಯಿ ಕೆಟ್ಟದ್ರಿ... ಮನಸು ಅಷ್ಟು ಕೆಟ್ಟದಲ್ಲ.”

“ಗೊತ್ತು ಗುರುಬಾಯಿ.”

ಟೀಚರ್ ಅನ್ನಲಿಲ್ಲ! ಮೊದಲ ಸಲ ಹೆಸರು ಹಿಡಿದು ಕರೆದ. ಅವಳು ನಲ್ಲಿಯ ಕಡೆ ಮುಖ ತಿರುಗಿಸಿದಳು.

“ಅಧ್ಯಕ್ಷರು ತಿರುಗಿ ಕರದಾರ. ಬರ್ತೀರಿ?”

“ಬಂದರೆ ನಾನು ಆಡಳಿತದ ಕಡೆ, ನೀವು ಶಿಕ್ಷಕರ ಕಡೆ. ನನಗೆ ಈ ಕಡೆ ಆ ಕಡೆ ಸಾಕಾಗಿಹೋಗಿದೆ. ಒಂದೇ ಕಡೆ ಇರಬೇಕು ಅನ್ಸುತ್ತೆ... ನಿಮ್ಮ ಜೊತೆ.”

ಗುರುಬಾಯಿಯ ಮುಖ ಕಿವಿಯವರೆಗೂ ಕೆಂಪೇರಿತು.

“ಹಂಗಾದ್ರ ಸಮಿತಿ ನಾ ಬಿಡ್ತೀನಿ. ನನ್ನ ಜಾಗಕ್ಕ ವಿನೋದಿನಿ ನಿಲ್ತಾಳ, ಮಾತು ಆಡಿಕೊಂಡಿದೀವಿ.”

“ಆಗಲೇನಾ? ನಾನು ಕೇಳೋಕೆ ಮೊದಲೇನಾ?”

“ನೀವು ಕೇಳೂದ್ರೊಳಗ ನನ್ನ ತಲಿ ನರೀತದ! ನಮ್ಮಣ್ಣ ಮದಲು ಒದರ್ಯಾಡ್ತಾನ, ಆಮ್ಯಾಲೆ ಚಾ ಕೊಡ್ತಾನ. ಅಂಜಬ್ಯಾಡ್ರಿ. ನಿಮ್ಮ ತಾಯಿ?”

“ಅಮ್ಮನಿಗೆ ದೀಪಾವಳಿಗೇ ಬರೆದಿದ್ದೆ. ಬೈದು ಬೈದು ಈಗ ‘ಹುಡುಗಿ ಸಾರು ಮಾಡ್ತಾಳಾ?’ ಅಂತ ಕೇಳಿದಾರೆ.”

“ದೀಪಾವಳಿಗೆ? ಮತ್ತ ನನಗ ಯಾಕ ಹೇಳಲಿಲ್ಲ?”

“ಹೆಸರು ಹೊರಗೆ ಬಿಡೋ ಅಭ್ಯಾಸ ಇಲ್ಲವಲ್ಲ!”

ಇಬ್ಬರೂ ನಕ್ಕರು. ನಗುತ್ತಲೇ ಅವಳ ಕಣ್ಣು ತುಂಬಿ ಬಂತು.

“ಕೈ ಒಣಗಾಕತ್ತದ. ಹೋಗಿ ಊಟ ಮುಗಸ್ರಿ.”

“ನಿಮ್ಮದು ಆಯ್ತಾ?”

“ತುತ್ತು ಗಂಟಲದಾಗ ಇಳೀಬೇಕಲ್ರಿ. ನೀವು ಹೋದಾಗಿಂದ ಇಳದಿಲ್ಲ.”

ಸೀತಾರಾಮ ಒಳಗೆ ತಿರುಗಿ ಕೂಗಿದ. “ಭಟ್ರೇ, ನನ್ನ ಪಕ್ಕ ಇನ್ನೊಂದು ಎಲೆ ಹಾಕಿ!”

ಭಟ್ಟರು ಸಾರಿನ ಸೌಟು ಹಿಡಿದೇ ಬಾಗಿಲಿಗೆ ಬಂದರು. “ಅಲ್ಲ ಸಾರ್... ಹೆಂಗಸರು... ಇವರು ಯಾರು?”

“ನಮ್ಮ ಮನೆಯವರು.”

“ಸುಳ್ಳ ಹೇಳಬ್ಯಾಡ್ರಿ. ಇನ್ನೂ ಆಗಿಲ್ಲ,” ಎಂದಳು ಗುರುಬಾಯಿ, ನೆಲ ನೋಡುತ್ತಾ.

“ಆಕ್ಷೇಪಣೆ ಇದೆಯಾ?”

ಅವಳು ತಲೆಯೆತ್ತಿ ಅವನನ್ನೇ ನೋಡಿದಳು. ಇಡೀ ಪಂಕ್ತಿ ಊಟ ಬಿಟ್ಟು ಅವಳ ಉತ್ತರಕ್ಕೆ ಕಾಯುತ್ತಿತ್ತು.

“ಇಲ್ಲ,” ಎಂದಳು ಮೆತ್ತಗೆ. “ಎಲಿ ಹಾಕಸ್ರಿ... ಹಸಿವ್ಯಾಗ್ಯದ.”