ಒಂಬತ್ತನೇ ಕೂಸು

ಅವಳಿ ಮಕ್ಕಳಾದ ಮೇಲೆ ಆಫೀಸಿನವರ ಬಾಯಲ್ಲಿ 'ಅವಳಿ ಅಪ್ಪ' ಆದವನು ರಜೆ ಮುಗಿಸಿ ಕೆಲಸಕ್ಕೆ ಬಂದ ದಿನ ಅವನ ಕೆನ್ನೆಗಳು ಉಬ್ಬಿಕೊಂಡಿದ್ದವು. ಮೂವತ್ತು ದಿನದ ರಜೆ! ಹೆತ್ತವಳು ಹೆಂಡತಿ, ದುಂಡಗಾದವನು ಗಂಡ. ಆ ಮೂವತ್ತು ದಿನವೂ ಅವನ ಪಾಲಿನ ಫೈಲುಗಳನ್ನೂ ತಾನೇ ಮಾಡಿ ಸೊರಗಿದವನು ಅರೆಬರೆ.

ಅರೆಬರೆ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ಎಂದು ಆಸ್ಪತ್ರೆಯ ಕೋಡಿಂಗ್ ವಿಭಾಗದವರು ಇಟ್ಟದ್ದು. ಡಾಕ್ಟರು ಗೀಚಿದ ಕಾಯಿಲೆಯನ್ನು ಓದಿ, ಅದಕ್ಕೆ ತಕ್ಕ ಅಕ್ಷರ, ಅಂಕಿಗಳ ಕೋಡ್ ಹುಡುಕಿ ಕಂಪ್ಯೂಟರಿಗೆ ತುಂಬುವುದು ಆ ವಿಭಾಗದ ಕೆಲಸ. ಅವನು ಫೈಲು ಹೊರುವವನಾಗಿ ಸೇರಿದ್ದ. ಹೊತ್ತ ಫೈಲುಗಳನ್ನು ಮೆಟ್ಟಿಲ ಮೇಲೆ ಕೂತು ಕದ್ದು ಓದಿ, ಇಟ್ಟಿಗೆ ಗಾತ್ರದ ಕೋಡ್ ಪುಸ್ತಕವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ, ನಾಲ್ಕು ವರ್ಷದ ಹಿಂದೆ ಒಂದು ಕುರ್ಚಿ ಗಿಟ್ಟಿಸಿಕೊಂಡಿದ್ದ. ಉಳಿದ ಐವರ ತಲೆಯ ಮೇಲೆ ಗೋಡೆಯಲ್ಲಿ ಸರ್ಟಿಫಿಕೇಟುಗಳು ತೂಗುತ್ತಿದ್ದವು. ಇವನ ತಲೆಯ ಮೇಲೆ ಬರೀ ಮೊಳೆ. ಒಂದು ದೊಡ್ಡ ತಪ್ಪು ಮಾಡಿದರೆ ಕುರ್ಚಿಯೂ ಇಲ್ಲ, ಫೈಲೂ ಇಲ್ಲ, ನೇರ ಗೇಟಿನಾಚೆ. ಅದು ಅವನಿಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು.

ಅವನು ಹನ್ನೊಂದು ಸಲ ರಜೆ ಕೇಳಿದ್ದ. ಹನ್ನೊಂದು ಸಲವೂ ಚುಕ್ಕಿ ಮೇಡಂ ಒಂದೇ ಮಾತು ಹೇಳಿದ್ದರು. ಅವರು ವಿಭಾಗದ ಮುಖ್ಯಸ್ಥೆ. ಕೋಡಿನಲ್ಲಿ ಚುಕ್ಕಿಯಾದ ಮೇಲಿನ ಅಂಕಿ ಬಿಟ್ಟರೆ ಉಗ್ರರೂಪ ತಾಳುತ್ತಿದ್ದರಿಂದ ಆ ಹೆಸರು.

"ನಿನಗೇನಪ್ಪ? ಹೆಂಡ್ತಿಯಾ, ಮಕ್ಳಾ? ಸಂಸಾರ ಇರೋರಿಗೆ ಮೊದ್ಲು ಕೊಡ್ಬೇಕಲ್ವಾ?"

ಬ್ರಹ್ಮಚಾರಿಗೆ ನಿದ್ದೆಯೂ ಬರಬಾರದೇನು? ಮೂವತ್ತು ದಿನ ಫ್ಯಾನಿನ ಕೆಳಗೆ ಅಂಗಾತ ಬಿದ್ದುಕೊಂಡು, ಯಾವ ಅಂಕಿಯನ್ನೂ ನೋಡದೆ, ಗೋಡೆಯ ಹಲ್ಲಿಯ ಜೊತೆ ಕುಶಲ ಮಾತಾಡಬೇಕು. ಇಷ್ಟೇ ಅವನ ಆಸೆ. ಇಷ್ಟಕ್ಕೂ ಸಪ್ತಪದಿ ತುಳಿಯಬೇಕೆ? ನೆನೆದಾಗೆಲ್ಲ ಅವನ ಹಲ್ಲು ಕಟಕಟ ಎನ್ನುತ್ತಿತ್ತು.

ಗಾಯಕ್ಕೆ ಉಪ್ಪು ಸುರಿದದ್ದು ಇನ್ನೊಂದು ಸಂಗತಿ. ಆಸ್ಪತ್ರೆಯ ಸಿಬ್ಬಂದಿಗೆ ಮಗು ಹುಟ್ಟಿದರೆ ಅಪ್ಪನಿಗೆ ಏಳು ದಿನ ರಜೆ. ಆದರೆ ಬಸಿರಿನಲ್ಲಿ ತಾಯಿಗೆ ತಗಲಿದ ಸೋಂಕಿನಿಂದ ಕೂಸಿಗೂ ಬಾಧೆಯಾಗಿದೆ ಎಂಬ ಕೋಡ್ ಇದ್ದರೆ, ಮನೆಯಲ್ಲಿ ಆರೈಕೆಗೆಂದು ಮೂವತ್ತು ದಿನ. ಅವಳಿ ಅಪ್ಪನ ಹೆಂಡತಿಗೆ ಬಸಿರಿನಲ್ಲಿ ಸೋಂಕು ಆಗಿತ್ತು. ಕೂಸುಗಳ ಫೈಲಿಗೆ ಆ ಕೋಡ್ ಹಾಕಿದವನು ಯಾರು? ಅರೆಬರೆಯೇ. ತನ್ನ ಕೈಯಾರೆ ಇನ್ನೊಬ್ಬನ ಹಾಸಿಗೆ ಹಾಸಿಕೊಟ್ಟಿದ್ದ.

ಹಾಗೆ ಕುದಿಯುತ್ತಿದ್ದಾಗಲೇ ಅವನ ತಲೆಯಲ್ಲಿ ದೀಪ ಹತ್ತಿತು. ರಜೆ ಗುಮಾಸ್ತೆ ಮಗುವನ್ನು ನೋಡುವುದಿಲ್ಲ. ಕೋಡನ್ನು ನೋಡುತ್ತಾಳೆ. ಕೋಡ್ ಹಾಕುವವನು ತಾನು. ಅಂದಮೇಲೆ ಮಗು ಯಾತಕ್ಕೆ?

ಮೂರು ವಾರ ಅವನು ಯೋಜನೆಯನ್ನು ಕುರಿಮರಿ ಸಾಕಿದಂತೆ ಸಾಕಿದ. ಮೊದಲು ಹೆಂಡತಿ ಬೇಕು. ಒಂದನೇ ಕ್ಲಾಸಿನ ಟೀಚರ ಹೆಸರನ್ನು ಅವಳಿಗೆ ದಾನ ಮಾಡಿದ. ಆ ಟೀಚರೊಬ್ಬರೇ ಅವನನ್ನು ಹೊಡೆಯದಿದ್ದವರು. ಆಮೇಲೆ ಸೋಂಕು. ಇಲ್ಲಿ ದಡ್ಡರು ಎಡವುತ್ತಾರೆ. ದಡ್ಡನಾದರೆ ರುಬೆಲ್ಲಾ ಎಂದು ಹಾಕಿಯಾನು. ಹಾಕಿದರೆ ಆರೋಗ್ಯ ಇಲಾಖೆಗೆ ವರದಿ ಹೋಗಿ ಜೀಪು ಬರುತ್ತದೆ. ಇನ್ನೊಬ್ಬ ಶತದಡ್ಡ ಕೂಸಿಗೇ ಸೋಂಕು ಅಂಟಿದೆ ಎಂದು ಹಾಕಿಯಾನು. ಆಗ ಲ್ಯಾಬಿನವರು ರಕ್ತದ ವರದಿ ಎಲ್ಲಿ ಎನ್ನುತ್ತಾರೆ. ಗುಹ್ಯರೋಗವಂತೂ ಕೂಡದು. ಇಲ್ಲದ ಹೆಂಡತಿಯಾದರೂ ಮಾನ ಮಾನವೇ! ಅವನು ಆರಿಸಿದ್ದು ಯಾರೂ ಎರಡನೇ ಸಲ ತಿರುಗಿ ನೋಡದ, ಬಸ್ ನಿಲ್ದಾಣದಷ್ಟು ಸಾಮಾನ್ಯವಾದ ಮೂತ್ರದ ಸೋಂಕನ್ನು.

ತಾಯಿಯ ಫೈಲಿಗೆ 'ಓ' ಅಕ್ಷರದ ಕೋಡ್, ಕೂಸಿನ ಫೈಲಿಗೆ 'ಪಿ' ಅಕ್ಷರದ ಕೋಡ್. ತಾಯಿಯದ್ದು ಕೂಸಿಗೆ, ಕೂಸಿನದ್ದು ತಾಯಿಗೆ ಅಪ್ಪಿತಪ್ಪಿಯೂ ಹಾಕಬಾರದು. ತಾಯಿಗೆ ಓ ಇಪ್ಪತ್ತಮೂರು ಚುಕ್ಕಿ ನಾಲ್ಕು. ಕೂಸಿಗೆ ಪಿ ಸೊನ್ನೆ ಸೊನ್ನೆ ಚುಕ್ಕಿ ಒಂದು. ಸೋಂಕು ಎಂಬ ಪದ ಕಂಡದ್ದೇ ಸರ್ಟಿಫಿಕೇಟಿನವರು ಚುಕ್ಕಿ ಎರಡಕ್ಕೆ ನುಗ್ಗುತ್ತಾರೆ. ಮೂತ್ರದ್ದಾದರೆ ಚುಕ್ಕಿ ಒಂದು ಎಂದು ಎಂಟನೇ ಕ್ಲಾಸಿನವನಿಗೆ ಮಾತ್ರ ಗೊತ್ತು.

ಹೆರಿಗೆಯನ್ನು ಅವನು ಈ ಆಸ್ಪತ್ರೆಯಲ್ಲಿ ಮಾಡಿಸಲಿಲ್ಲ. ಹೆರಿಗೆ ಕೋಣೆಯ ನರ್ಸುಗಳು ತಾವು ಹಿಡಿದ ಪ್ರತಿ ಕೂಸನ್ನೂ ನೆನಪಿಡುತ್ತಾರೆ. ಅದಕ್ಕೇ ತಾಯಿ ಏಳನೇ ತಿಂಗಳಲ್ಲಿ ಇಲ್ಲಿ ತೋರಿಸಿಕೊಂಡು ಮಾತ್ರೆ ಬರೆಸಿಕೊಂಡು ಹೋದಳು. ಬೇರೆ ಊರಿನಲ್ಲಿ ಹೆತ್ತಳು. ಕೂಸನ್ನು ಮಾತ್ರ ನಿಗಾಕ್ಕೆಂದು ಇಲ್ಲಿಯ ನವಜಾತ ಶಿಶುಗಳ ವಾರ್ಡಿಗೆ ಸೇರಿಸಿದರು. ಅಲ್ಲಿ ದಿನಕ್ಕೆ ಮೂರು ಪಾಳಿ. ಒಬ್ಬಳು ನೋಡಿಲ್ಲವೆಂದರೆ ಇನ್ನೊಬ್ಬಳ ಪಾಳಿಯಲ್ಲಿ ಬಂದಿರಬೇಕು ಎಂದುಕೊಳ್ಳುತ್ತಾಳೆ. ಇನ್ನು ಕೂಸನ್ನು ನೋಡುತ್ತೇವೆಂದು ಆಫೀಸಿನವರು ಹೊರಟರೆ? ಸೋಂಕು! ಯಾರನ್ನೂ ಹತ್ತಿರ ಬಿಡುವಂತಿಲ್ಲ! ಒಂದೇ ಕಲ್ಲಿಗೆ ಎಷ್ಟು ಹಕ್ಕಿ ಎಂದು ಎಣಿಸಿ ಅವನು ಕಕ್ಕಸಿನಲ್ಲಿ ಒಬ್ಬನೇ ನಕ್ಕ.

ಆ ದಿನ ಬಂತು. ಬೆಳಿಗ್ಗೆ ಹನ್ನೊಂದಕ್ಕೆ ದಾಖಲಾತಿ ಕೌಂಟರಿನವನು ಎಂದಿನಂತೆ ಪರದೆಯನ್ನು ತೆರೆದಿಟ್ಟೇ ಚಹಾಕ್ಕೆ ಹೋದ. ಅವನು ಮರಳುವಷ್ಟರಲ್ಲಿ ಅರೆಬರೆ ಒಬ್ಬ ಹೆಂಡತಿಯನ್ನೂ ಒಂದು ಗಂಡು ಕೂಸನ್ನೂ ಪಡೆದಿದ್ದ. ಕೂಸಿನ ತೂಕ ಎರಡೂಮುಕ್ಕಾಲು ಕಿಲೋ. ಮೂರು ಕಿಲೋ ಎಂದು ಟೈಪು ಮಾಡಿದವನು, ಸೋಂಕಿನ ತಾಯಿಯ ಕೂಸು ಅಷ್ಟು ಗುಂಡಗಿದ್ದರೆ ಅನುಮಾನ ಬಂದೀತೆಂದು ಕಾಲು ಕಿಲೋ ಇಳಿಸಿದ; ಇಳಿಸುವಾಗ ಯಾಕೋ ಪಾಪ ಅನ್ನಿಸಿತು. ದಾಖಲಾದ ದಿನ ಎಂದು ಮೂರು ದಿನ ಹಿಂದಿನ ತಾರೀಖು ಹಾಕಿದ. ತನ್ನ ಮೇಜಿಗೆ ಬಂದು ಎರಡೂ ಫೈಲುಗಳಿಗೆ ಕೋಡ್ ತುಂಬಿದ. ಊಟದ ಹೊತ್ತಿಗೆ ಚುಕ್ಕಿ ಮೇಡಮ್ಮಿನ ಮುಂದೆ ರಜೆ ಅರ್ಜಿ ಇಟ್ಟು ತಲೆ ತಗ್ಗಿಸಿ ನಿಂತ.

ಮೇಡಂ ಅರ್ಜಿ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು.

"ನಿನಗೆ ಮದ್ವೆ ಯಾವಾಗಾಯ್ತೋ?"

"ರಿಜಿಸ್ಟರ್ ಮದ್ವೆ ಮೇಡಂ. ಮನೇಲಿ ಒಪ್ಪಲಿಲ್ಲ. ಅದಕ್ಕೇ ಯಾರಿಗೂ ಹೇಳ್ಲಿಲ್ಲ."

ಅವಳಿ ಅಪ್ಪ ಕುರ್ಚಿ ಸಮೇತ ತಿರುಗಿದ. "ಲೋ, ಮೂರು ದಿನದ ಹಿಂದೆ ಹುಟ್ತು ಅಂತೀಯಾ. ಅವತ್ತೂ ಇಲ್ಲೇ ಕೂತು ಕೆಲ್ಸ ಮಾಡ್ತಿದ್ಯಲ್ಲೋ?"

ಈ ಪ್ರಶ್ನೆಗಾಗಿ ಅವನು ಎರಡು ವಾರದಿಂದ ಕಾದು ಕೂತಿದ್ದ.

"ರಜೆ ಕೇಳಿದ್ರೆ ಕೊಡ್ತಿದ್ರಾ, ಅಣ್ಣ?"

ಮೇಡಮ್ಮಿನ ಕಣ್ಣಲ್ಲಿ ನೀರು ಆಡಿತು. ಬಸುರಿ ಹೆಂಡತಿಯನ್ನು ಮನೆಯಲ್ಲಿಟ್ಟುಕೊಂಡವನಿಗೆ ಹನ್ನೊಂದು ಸಲ ಇಲ್ಲವೆಂದಿದ್ದರು! ಅವರು ಮೂಗು ಒರೆಸಿಕೊಳ್ಳುತ್ತಲೇ ಕಂಪ್ಯೂಟರಿನಲ್ಲಿ ಎರಡೂ ಫೈಲುಗಳನ್ನು ತೆರೆದರು. ಅಳುತ್ತಿದ್ದರೂ ಕೋಡ್ ಪರೀಕ್ಷಿಸದೆ ಬಿಡುವ ಹೆಂಗಸಲ್ಲ.

"ಚುಕ್ಕಿ ಒಂದು," ಎಂದರು ಮೇಡಂ ನಿಧಾನವಾಗಿ. "ನೋಡ್ರೋ ಎಲ್ರೂ. ತನ್ನ ಕೂಸಿಗೇ ಬಾಧೆ ಆಗಿದ್ರೂ ಇವನು ಚುಕ್ಕಿ ಎರಡು ಅಂತ ಹಾಕಿಲ್ಲ. ಇದನ್ನ ಪ್ರಿಂಟ್ ತೆಗೆದು ಗೋಡೆಗೆ ಹಾಕ್ತೀನಿ. ಕೂಸು ಹೇಗಿದೆ ಈಗ?"

"ಚೆನ್ನಾಗಿದೆ ಮೇಡಂ. ಮನೇಲಿ ಆರೈಕೆ ಮಾಡಿ ಅಂದಿದಾರೆ."

"ಹೋಗಪ್ಪ, ಹೋಗು. ಮೂವತ್ತು ದಿನ ಈ ಕಡೆ ತಲೆ ಹಾಕ್ಬೇಡ."

ರಜೆ ಗುಮಾಸ್ತೆ ಕೋಡ್ ನೋಡಿದಳು, ಠಸ್ಸೆ ಒತ್ತಿದಳು. ಹೊರಡುವಾಗ ಅವಳಿ ಅಪ್ಪ ಓಡಿ ಬಂದು ಒಂದು ಚೀಲ ಕೈಗಿತ್ತ. ಅವನ ಮಕ್ಕಳಿಗೆ ಚಿಕ್ಕದಾದ ಅಂಗಿ, ಕಾಲುಚೀಲ, ಎರಡು ಕುಲಾವಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಲೋಕ ಕಂಡಿದೆ; ಹುಟ್ಟದೇ ಇರುವ ಕೂಸಿಗೆ ಕುಲಾವಿ ಗಿಟ್ಟಿಸಿದವನು ಇವನೊಬ್ಬನೇ. "ರಾತ್ರಿ ಅತ್ರೆ ಹೆದರ್ಕೋಬೇಡ ಕಣೋ, ಹೆಗಲ ಮೇಲೆ ಹಾಕ್ಕೊಂಡು ತಿರುಗು," ಎಂದ ಅವಳಿ ಅಪ್ಪ. ಅರೆಬರೆ ಚೀಲವನ್ನು ಮರಳಿಸಲು ಕೈ ಚಾಚಿದ. ಅಷ್ಟರಲ್ಲಿ ಆ ಉಬ್ಬಿದ ಕೆನ್ನೆ ಕಣ್ಣಿಗೆ ಬಿದ್ದು ಕೈ ಹಿಂದೆಗೆದ. ಚೀಲವನ್ನು ಬಸ್ಸಿನ ಸೀಟಿನಲ್ಲೇ ಬಿಟ್ಟಿಳಿದ.

ಮನೆಯಲ್ಲಿ ಅಮ್ಮನಿಗೆ "ರಜೆ ಕೊಟ್ರು" ಎಂದಷ್ಟೇ ಹೇಳಿದ. "ಈಗ್ಲಾದ್ರೂ ಒಂದು ಹೆಣ್ಣು ನೋಡೋಣ್ವೇನೋ?" ಎಂದಳು ಅಮ್ಮ. ಅವನು ಫ್ಯಾನು ಹಾಕಿಕೊಂಡು ಬಿದ್ದುಕೊಂಡ.

ಮರುದಿನ ಬೆಳಿಗ್ಗೆ ಎಂಟೂವರೆ. ಹಲ್ಲಿಯ ಜೊತೆ ಪರಿಚಯ ಆಗತಾನೇ ಶುರುವಾಗಿತ್ತು. ಬಾಗಿಲು ಬಡಿದ ಸದ್ದಾಯಿತು. ಅಮ್ಮ ತೆಗೆದಳು. ಹೊಸಿಲ ಆಚೆ ಚುಕ್ಕಿ ಮೇಡಂ, ಅವರ ಪಕ್ಕದಲ್ಲಿ ಅತ್ತು ಅತ್ತು ಮುಖ ಊದಿದ ಒಬ್ಬ ನರ್ಸು, ಹಿಂದೆ ಒಬ್ಬ ಪೊಲೀಸ್ ಪೇದೆ.

ನರ್ಸು ಅರೆಬರೆಯನ್ನು ಕಂಡದ್ದೇ ಕೈ ಮುಗಿದಳು. "ಅಣ್ಣ, ನಾನು ಶಿಶುಗಳ ವಾರ್ಡಿನ ಸಿಸ್ಟರ್. ನಿನ್ನೆ ಸಾಯಂಕಾಲ ಎಣಿಸಿದ್ರೆ ಲಿಸ್ಟಲ್ಲಿ ಒಂಬತ್ತು, ತೊಟ್ಟಿಲಲ್ಲಿ ಎಂಟು. ಒಗೆಯೋ ಬಟ್ಟೆ ಬುಟ್ಟಿಯೆಲ್ಲ ಸುರುವಿ ನೋಡಿದ್ವಿ. ಗೇಟಲ್ಲಿ ಎಲ್ರ ಚೀಲ ಬಿಚ್ಚಿಸಿದ್ವಿ. ಕಾವಲಿನವನನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗಿದಾರೆ. ನಿಮ್ಮ ಮಗು ಸಿಕ್ತಿಲ್ಲಣ್ಣ!"

"ಯಾರ ಮಗು?" ಎಂದಳು ಅಮ್ಮ.

"ನಾನು ಹೇಳ್ದೆ ಇವ್ರಿಗೆ," ಎಂದರು ಮೇಡಂ. "ಅವಸರದಲ್ಲಿ ಇವನೇ ಎತ್ಕೊಂಡು ಬಂದಿರ್ಬೇಕು ಅಂತ. ಪಾಪ, ಅವಳಿ ಅಪ್ಪ ಬೆಳಗಿನಿಂದ ನೀರಿನ ಟ್ಯಾಂಕು ಹುಡುಕ್ತಿದಾನೆ. ಹೇಳೋ, ನೀನೇ ತಂದೆ ತಾನೇ?"

ಅರೆಬರೆಗೆ ಜೀವ ಬಂದಂತಾಯಿತು. "ಹೂಂ ಮೇಡಂ. ನಾನೇ ತಂದೆ. ಮಲಗಿದೆ."

"ಉಸ್ಸಪ್ಪಾ," ಎಂದ ಪೇದೆ. "ಒಂದ್ಸಲ ತೋರಿಸ್ಬಿಡಿ, ಬರ್ಕೊಂಡು ಹೊರಡ್ತೀವಿ."

"ಎದ್ರೆ ಅಳುತ್ತೆ. ಸೋಂಕು ಬೇರೆ."

"ನಾನು ಸಿಸ್ಟರ್ ಅಲ್ವಾ ಅಣ್ಣ, ನನಗೇನು ಸೋಂಕು?"

ಅಮ್ಮ ಇಷ್ಟು ಹೊತ್ತೂ ಮಗನ ಮುಖವನ್ನೇ ನೋಡುತ್ತಿದ್ದಳು. ಈಗ ಅವಳ ಮುಖ ಸೂರ್ಯಕಾಂತಿಯಂತೆ ಅರಳಿತು. "ಮೊಮ್ಮಗು! ಕಳ್ಳ ಮುಂಡೇದೇ, ನನಗೇ ಹೇಳ್ಲಿಲ್ವಲ್ಲೋ! ಎಲ್ಲೋ ಬಚ್ಚಿಟ್ಟಿದೀಯಾ?" ಎನ್ನುತ್ತ ಒಳಗೆ ಓಡಿದಳು. ಮಂಚದ ಕೆಳಗೆ ಬಗ್ಗಿದಳು. ಬೀರು ತೆಗೆದಳು. ಪೇದೆಯೂ ಟೋಪಿ ಕಂಕುಳಿಗೆ ಸಿಕ್ಕಿಸಿಕೊಂಡು ಅವಳ ಹಿಂದೆ ಹೊರಟ. ಎರಡೇ ಕೋಣೆಯ ಮನೆ. ಹುಡುಕಿ ಮುಗಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಅಮ್ಮನಿಗೆ ಸಮಾಧಾನವಾಗದೆ ಅಕ್ಕಿ ಡಬ್ಬದ ಮುಚ್ಚಳವನ್ನೂ ತೆಗೆದು ನೋಡಿದಳು. ನರ್ಸು ಮತ್ತೆ ಅಳಲು ಶುರುಮಾಡಿದಳು.

ಪೇದೆ ಹೊರಬಂದು ಟೋಪಿ ಹಾಕಿಕೊಂಡ. ಈಗ ಅವನ ದನಿ ಬೇರೆಯಾಗಿತ್ತು. "ಎಲ್ರೀ ಮಗು? ಮಾರಿಬಿಟ್ರಾ?"

"ಇಲ್ಲ ಸಾರ್! ಮಗುವೇ ಇಲ್ಲ ಸಾರ್!" ಎಂದು ಅರೆಬರೆ ಕಿರುಚಿದ. "ಹೆಂಡ್ತೀನೂ ಇಲ್ಲ! ಎಲ್ಲ ನಾನೇ ಬರೆದದ್ದು!"

ಅಮ್ಮ ಅಕ್ಕಿ ಡಬ್ಬದ ಮುಚ್ಚಳ ಹಿಡಿದುಕೊಂಡೇ ನೆಲಕ್ಕೆ ಕುಸಿದು ಕೂತಳು. ಚುಕ್ಕಿ ಮೇಡಂ ನಿಧಾನವಾಗಿ ಕೈಚೀಲದಿಂದ ಕೂಸಿನ ಫೈಲಿನ ಪ್ರಿಂಟು ತೆಗೆದು, ಒಂದು ಖಾಲಿ ಖಾನೆಯ ಮೇಲೆ ಬೆರಳಿಟ್ಟು, ಅವನ ಮುಂದೆ ಹಿಡಿದರು. ಕೋಡಿಂಗ್ ವಿಭಾಗಕ್ಕೆ ಫೈಲು ಬರುವುದೇ ರೋಗಿ ಮನೆಗೆ ಹೋದ ಮೇಲೆ. ನಾಲ್ಕು ವರ್ಷದಲ್ಲಿ ಅವನ ಕೈ ದಾಟಿದ ಸಾವಿರಾರು ಫೈಲುಗಳಲ್ಲಿ ಆ ಖಾನೆಯನ್ನು ಯಾರೋ ವಾರ್ಡಿನವರು ಮೊದಲೇ ತುಂಬಿಟ್ಟಿರುತ್ತಿದ್ದರು; ಅದನ್ನು ತುಂಬುವ ಕೆಲಸವೊಂದಿದೆ ಎಂಬುದೇ ಅವನಿಗೆ ಹೊಳೆದಿರಲಿಲ್ಲ. ಹೆಂಡತಿಯನ್ನು ತಂದ, ಸೋಂಕು ತಂದ, ಕೂಸನ್ನು ತಂದು ಕಾಲು ಕಿಲೋ ಇಳಿಸಿ ವಾರ್ಡಿನಲ್ಲಿ ಮಲಗಿಸಿದ. ಆದರೆ ಆ ಕೂಸನ್ನು ಮನೆಗೆ ಕಳಿಸಿದ ತಾರೀಖನ್ನು ಮಾತ್ರ ಹಾಕಿರಲಿಲ್ಲ.