ಹಾಜರಿ ಪುಸ್ತಕದ ನಾಲ್ಕು ನಿಮಿಷ

"ದಂಡ ಹಾಕ್ಲೇಬೇಕು. ಆಮೇಲೆ ಬೇಕಾದ್ರೆ ಥ್ಯಾಂಕ್ಸ್ ಹೇಳ್ಲಿ."

ಕೊನೆಯ ಬೆಂಚಿನಿಂದ ಬಂದ ಈ ಮಾತಿಗೆ ಇಡೀ ತರಗತಿ ನಕ್ಕಿತು. ಮೊದಲ ಬೆಂಚಿನಲ್ಲಿ ಎದ್ದು ನಿಂತಿದ್ದ ಅವಳಿಗೆ ಮಾತ್ರ ಮೈಯೆಲ್ಲ ಉರಿಯಿತು.

ಕಾನೂನು ಕಾಲೇಜಿನ ಕೊನೆಯ ವರ್ಷ, ನ್ಯಾಯತತ್ತ್ವದ ಮೊದಲ ಪಾಠ. ಪಾಠ ಮಾಡುವ ಮೇಡಂ ನಿವೃತ್ತ ನ್ಯಾಯಾಧೀಶೆ. ಪುಸ್ತಕ ತೆರೆಯುವ ಮೊದಲೇ ಒಂದು ಪ್ರಶ್ನೆ ಕೇಳಿದ್ದರು. ಗ್ರಂಥಾಲಯದಲ್ಲಿ ಮಾತಾಡಿದರೆ ದಂಡ ಎಂಬ ಬೋರ್ಡಿದೆ. ಯಾರದೋ ತಲೆಯ ಮೇಲೆ ಕಪಾಟು ಬೀಳುತ್ತಿರುವುದನ್ನು ಕಂಡು ಒಬ್ಬ ಕೂಗಿಕೊಂಡ. ಅವನಿಗೆ ದಂಡ ಹಾಕಬೇಕೋ, ಬೇಡವೋ?

"ಜೀವ ಉಳಿಸಿದವನಿಗೆ ದಂಡನಾ?" ಅವಳು ಹಿಂದೆ ತಿರುಗಿ ಕೇಳಿದಳು. "ನಿಯಮ ಇರೋದು ಮನುಷ್ಯರಿಗಲ್ವಾ?"

"ನೀವು ಹೇಳ್ತಿರೋದು ಕರುಣೆ. ಕಾನೂನಲ್ಲ." ಬೇರೆ ಕಾಲೇಜಿನಿಂದ ಆ ವಾರವಷ್ಟೇ ಬಂದು ಸೇರಿದ್ದವನು, ಕಣ್ಣು ಮಿಟುಕಿಸದೆ ಹೇಳಿದ. "ಇವತ್ತು ಕಪಾಟು ಅಂತೀರಿ, ನಾಳೆ ಹಲ್ಲಿ ಬಿತ್ತು ಅಂತ ಕೂಗ್ತಾರೆ."

ಮತ್ತೆ ನಗು. ಅಂದೇ ಅವನಿಗೆ 'ದಂಡಾಧಿಕಾರಿ' ಎಂಬ ಹೆಸರು ಬಿತ್ತು.

ಈ ವಾದದ ಹಿಂದೆ ಮೇಡಂ ಅವರದೇ ಒಂದು ಪದ್ಧತಿ ಇತ್ತು. ಮೊದಲಿಗೇ ಎಲ್ಲರಿಂದ ಚೀಟಿ ಎತ್ತಿಸಿದ್ದರು. ಕೆಲವು ಚೀಟಿಗಳಲ್ಲಿ 'ನಿಯಮದ ಪಕ್ಷ', ಕೆಲವುಗಳಲ್ಲಿ 'ನ್ಯಾಯದ ಪಕ್ಷ', ಉಳಿದವು ಖಾಲಿ. ಖಾಲಿ ಬಂದವರು ತಮ್ಮ ಸ್ವಂತ ಅಭಿಪ್ರಾಯ ಹೇಳಬಹುದು. ಉಳಿದವರು ವರ್ಷವಿಡೀ ಚೀಟಿಯ ಪರವಾಗಿಯೇ ವಾದಿಸಬೇಕು. ಯಾರ ಚೀಟಿ ಏನೆಂದು ಕೊನೆಯ ತರಗತಿವರೆಗೆ ಬಾಯಿ ಬಿಡುವಂತಿಲ್ಲ.

"ವಕೀಲರಾಗೋರು ನೀವು," ಎಂದಿದ್ದರು ಮೇಡಂ. "ನಾಲಿಗೆ ಒಂದ್ಕಡೆ, ಮನಸ್ಸು ಒಂದ್ಕಡೆ ಇಟ್ಕೊಂಡು ಬದುಕೋದು ಎಷ್ಟು ಕಷ್ಟ ಅಂತ ಈಗ್ಲೇ ಗೊತ್ತಾಗ್ಲಿ."

ಅವಳ ಚೀಟಿ ಖಾಲಿಯಾಗಿತ್ತು. ಅವನದೂ ಖಾಲಿಯೇ ಇರಬೇಕೆಂದು ಅವಳು ತೀರ್ಮಾನಿಸಿಬಿಟ್ಟಳು. ಇಷ್ಟು ಖಡಾಖಂಡಿತವಾಗಿ ಮಾತಾಡೋನು ಚೀಟಿ ನೋಡಿ ಮಾತಾಡ್ತಾನಾ? ಇವನ ಮನಸ್ಸೇ ಕಲ್ಲು...

ಆದರೆ ಆ ಕಲ್ಲಿನ ಜೊತೆ ಕ್ಯಾಂಟೀನಿನಲ್ಲಿ ಜಗಳ ಮುಂದುವರಿಸದಿದ್ದರೆ ಅವಳಿಗೆ ಕುಡಿದ ಚಹಾ ಮೈಗೆ ಹತ್ತುತ್ತಿರಲಿಲ್ಲ. ಎರಡು ತಿಂಗಳಲ್ಲಿ 'ನೀವು' ಹೋಗಿ 'ನೀನು' ಬಂತು. ಅವಳ ಅಕ್ಕನಿಗೆ ಮೊದಲು ವಾಸನೆ ಹತ್ತಿತು.

"ಏನೇ, ದಿನಾ ಅವನನ್ನ ಬೈಕೊಂಡೇ ಮನೆಗೆ ಬರ್ತೀಯ. ಇಷ್ಟೊಂದು ಬೈಯೋಕೆ ಎಷ್ಟು ನೆನೆಸ್ಕೋಬೇಕು?"

ಅವಳು ಪುಸ್ತಕಕ್ಕೆ ಮುಖ ಹುದುಗಿಸಿದಳು. ಕಿವಿ ಮಾತ್ರ ಕೆಂಪಾಯಿತು.

ಒಂದು ದಿನ ಅವನು ತನ್ನ ತಂದೆಯ ವಿಷಯ ಹೇಳಿದ. ಅವರು ನ್ಯಾಯಾಲಯದ ಜವಾನ. ಮೂವತ್ತು ವರ್ಷಗಳಿಂದ ಕೋರ್ಟು ಹಾಲಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಮೂರು ಸಲ ಕೂಗುವುದು ಅವರ ಕೆಲಸ. ಮೂರನೇ ಕೂಗಿಗೂ ಬಾರದವರ ಕೇಸು ವಜಾ.

"ಈ ವರ್ಷದ ಕೊನೆಗೆ ರಿಟೈರ್ ಆಗ್ತಾರೆ. ಅಷ್ಟರಲ್ಲಿ ನಾನು ಪಾಸಾಗಿ ಕೋಟು ಹಾಕ್ಬೇಕು. ನನ್ನ ಕೇಸನ್ನ ಅವರೇ ಕೂಗ್ಬೇಕು. ಅಪ್ಪಂಗೆ ಇರೋದು ಅದೊಂದೇ ಆಸೆ."

ಅಷ್ಟು ಹೇಳುವಾಗ ಅವನ ದನಿ ಒಡೆಯಿತು. ಅವಳು ಆ ಕ್ಷಣವೇ ಅವನಿಗೆ ಸೋತಳು. ಹೇಳಲಿಲ್ಲ, ಅಷ್ಟೆ.

ಅದೇ ವಾರ ತರಗತಿಯಲ್ಲಿ ಚರ್ಚೆ ಬಿಸಿಯೇರಿತು. ತನ್ನವರಿಗಾಗಿ ನಿಯಮ ಬಗ್ಗಿಸಬಹುದೇ?

ಅವನು ಎದ್ದು ನಿಂತ. ನೇರ ಅವಳನ್ನೇ ನೋಡುತ್ತ ಹೇಳಿದ. "ಪ್ರೀತಿಗೋಸ್ಕರ ನಿಯಮ ಬಗ್ಗಿಸೋ ಕೈಯನ್ನ ನಾನು ಜನ್ಮದಲ್ಲಿ ಹಿಡಿಯಲ್ಲ."

ಆ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು. ಇದು ವಾದ ಅಲ್ಲ... ನನಗೇ ಹೇಳಿದ್ದು.

ಹಾಜರಿ ಪುಸ್ತಕ ಇದ್ದದ್ದು ಅವಳ ಕೈಯಲ್ಲಿ. ತರಗತಿ ಪ್ರತಿನಿಧಿಯೆಂದು ಮೇಡಂ ಅವಳಿಗೆ ಒಪ್ಪಿಸಿದ್ದರು. ಎಂಟು ಗಂಟೆಗೆ ಹಾಜರಿ. ಒಂದು ನಿಮಿಷ ತಡವಾದರೂ ಗೈರು. ಕಾರಣ ಹೇಳಿದರೆ ಬಿಡುವುದೋ ಬೇಡವೋ ಎಂಬುದೂ ಪ್ರತಿನಿಧಿಗೇ ಬಿಟ್ಟದ್ದು. ಅದೂ ಒಂದು ಪಾಠವೆಂದು ಮೇಡಂ ಹೇಳಿದ್ದರು.

ಪಾಠಗಳು ಮುಗಿಯುವ ಹೊತ್ತಿಗೆ ಅವನ ಗೈರುಗಳು ಹೆಚ್ಚಿದ್ದವು. ಇನ್ನೊಂದು ಗೈರು ಬಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಆ ದಿನ ಅವನು ಏದುಸಿರು ಬಿಡುತ್ತ ಬಾಗಿಲಿಗೆ ಬಂದಾಗ ಎಂಟು ಗಂಟೆ ನಾಲ್ಕು ನಿಮಿಷ.

"ಅಪ್ಪಂಗೆ ಗಂಟಲು ನೋವು. ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ..." ಎಂದ. ಬೇಡಲಿಲ್ಲ. ಅವಳ ಮುಖ ನೋಡಿದ, ಅಷ್ಟೆ.

ಅವಳು ಪುಸ್ತಕ ತೆರೆದು ಪೆನ್ನು ಹಿಡಿದಳು. ಹಾಜರಿ ಅಂತ ಬರೆದ್ರೆ ಇವನ ವರ್ಷ ಉಳಿಯತ್ತೆ. ಆದ್ರೆ ಇವನು ಜನ್ಮದಲ್ಲಿ ನನ್ನ ಕೈ ಹಿಡಿಯಲ್ಲ...

ಅವಳು ಗೈರು ಬರೆದಳು. ಅವನ ಕಣ್ಣಲ್ಲಿ ತಾನು ದೊಡ್ಡವಳಾದೆನೆಂದೇ ಅವಳ ಎಣಿಕೆ. ಬುದ್ಧಿವಂತೆ ಎಡವಿದರೆ ಮೂರು ಕಡೆ ಗಾಯ ಎನ್ನುವುದು ಇಂಥದಕ್ಕೇ.

ಪರೀಕ್ಷೆಯ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಆದರೂ ಕೊನೆಯ ತರಗತಿಗೆ ಬಂದಿದ್ದ. ಮೇಡಂ ಚೀಟಿಗಳನ್ನು ತೆರೆಸಿದರು. ಅವನ ಚೀಟಿಯಲ್ಲಿ 'ನಿಯಮದ ಪಕ್ಷ' ಎಂದಿತ್ತು.

ತರಗತಿ ಬಿಟ್ಟದ್ದೇ ಅವಳು ಎದ್ದಳು. ಕಾರಿಡಾರಿನಲ್ಲಿ ಅವನ ಹಿಂದೆ ಓಡಿದಳು.

"ಆ ಮಾತು... ಕೈ ಹಿಡಿಯಲ್ಲ ಅಂದಿದ್ದು..."

"ಚೀಟಿ ಆಡ್ಸಿದ್ದು. ನಿನ್ನ ರೇಗ್ಸೋಕೆ ನಿನ್ನ ಕಡೆ ನೋಡ್ದೆ." ಅವನು ನಿಂತ. "ನಿಂದೇನು ಬರ್ದಿತ್ತು?"

"ಖಾಲಿ."

ಅವನು ತನ್ನ ಚೀಟಿಯನ್ನು ಮಡಿಸಿ ಜೇಬಿಗಿಟ್ಟ. "ಹಾಗಾದ್ರೆ ವರ್ಷವೆಲ್ಲ ಹೇಳಿದ್ದು ನಿನ್ನ ಮನಸ್ಸಿನ ಮಾತೇ. ನಿಯಮ ಇರೋದು ಮನುಷ್ಯರಿಗೆ ಅಂತ. ನನ್ನ ಸರದಿ ಬಂದಾಗ ಮಾತ್ರ ಅದು ಸುಳ್ಳಾಯ್ತು, ಅಲ್ವಾ?"

ಅವನು ಹೊರಟುಹೋದ.

ಅವಳು ಪಾಸಾದಳು, ಕೋಟು ಹಾಕಿದಳು. ವರ್ಷದ ಕೊನೆಗೆ ಅವನ ತಂದೆ ನಿವೃತ್ತರಾದ ದಿನ, ಕೋರ್ಟಿನ ಕಾರಿಡಾರಿನ ಕಂಬದ ಮರೆಯಲ್ಲಿ ನಿಂತು ಅವರ ಕೊನೆಯ ಕೂಗು ಕೇಳಿದಳು. ಯಾರೋ ಬೇರೆಯವರ ಕೇಸು. ಮುಂದಿನ ತಿಂಗಳು ಗಂಟಲಿನ ಆಪರೇಷನ್ ಆಯಿತಂತೆ. ದನಿ ಹೋಯಿತಂತೆ.

ಮರುವರ್ಷ ಪಾಸಾದ ಅವನ ಮೊದಲ ಕೇಸನ್ನು ಹೊಸ ಜವಾನನೊಬ್ಬ ಆಕಳಿಸುತ್ತ ಕೂಗಿದ. ಅವನ ತಂದೆ ಹೊರಗಿನ ಬೆಂಚಿನಲ್ಲಿ ಕುಳಿತಿದ್ದರು. ಅವಳು ಹೋಗಿ ಅವರ ಕಾಲ ಬಳಿ ಕುಕ್ಕರಿಸಿದಳು.

"ಅಪ್ಪಾಜಿ, ಅವತ್ತು ಗೈರು ಬರೆದವಳು ನಾನೇ."

ಅವರು ಬಾಗಿದರು. ಉಸಿರಿನಷ್ಟೇ ದನಿ. "ಗೊತ್ತಮ್ಮ. ನಾನೂ ಎಷ್ಟೋ ಜನ ಮೆಟ್ಲು ಹತ್ತಿ ಓಡಿ ಬರೋದು ಕಂಡೂ ಮೂರ್ನೇ ಸಲ ಕೂಗಿಬಿಟ್ಟಿದ್ದೀನಿ. ಅವ್ರ ಕೇಸು ಬಿದ್ದೋಯ್ತು. ಅವ್ರ್ಯಾರೂ ನನ್ನ ಕ್ಷಮಿಸಿರಲ್ಲ." ಸ್ವಲ್ಪ ಸುಧಾರಿಸಿಕೊಂಡರು. "ನಾನು ನಿನ್ನ ಕ್ಷಮಿಸ್ತೀನಿ ಅಂದ್ರೆ ಬಾಯುಪಚಾರ ಆಗತ್ತೆ. ಕೂತ್ಕೊ."

ಅವಳು ಬೆಂಚಿನ ಮೇಲೆ ಕೂತಳು. ಕಣ್ಣೀರು ಒರೆಸಿಕೊಳ್ಳುವಷ್ಟರಲ್ಲಿ ಅವನು ಕೋರ್ಟು ಹಾಲಿನಿಂದ ಹೊರಬಂದ. ಅವಳನ್ನು ಕಂಡು ನಿಂತ.

"ಅಪ್ಪ ಏನಂದ್ರು?"

"ಕ್ಷಮಿಸಿಲ್ಲ. ಕೂತ್ಕೊ ಅಂದ್ರು."

"ನಾನೂ ಕ್ಷಮಿಸಿಲ್ಲ," ಎಂದು ಅವನು ಅವಳ ಪಕ್ಕದಲ್ಲಿ ಕುಳಿತ.

"ಮತ್ತೆ ಯಾಕೆ ಕೂತೆ?"

"ಕ್ಷಮಿಸದೇನೇ ಪ್ರೀತಿಸಬಹುದಾ ಅಂತ ವರ್ಷವೆಲ್ಲ ನನ್ನ ಜೊತೆ ನಾನೇ ವಾದ ಮಾಡ್ದೆ. ಆಗಲ್ಲ ಅನ್ನೋ ಪಕ್ಷ ನಂದೇ ಆಗಿತ್ತು." ಅವನು ನೆಲ ನೋಡುತ್ತ ಹೇಳಿದ. "ಸೋತೆ."

"ಜೀವನಪೂರ್ತಿ ಚುಚ್ತಾ ಇರತ್ತೆ, ಇಬ್ಬರಿಗೂ."

"ಇರ್ಲಿ. ಒಬ್ಬೊಬ್ಬರೇ ಇದ್ರೂ ಚುಚ್ಚತ್ತೆ."

ಅವನು ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.